ಶೈಲಾಳ ಸಾಸು ಮತ್ತು ಹಿತ್ತಾಳೆ ಕೊಳಗ

2001ನೇ ಇಸವಿ. ಶಿವಮೊಗ್ಗ, ಭದ್ರಾವತಿಗಳಲ್ಲಿ ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ನಾನು ಅಡುಗೆ ಕಂಟ್ರಾಕ್ಟ್ ಹಿಡಿಯುತ್ತಿದ್ದೆ. ಒಲೆ ಹೂಡುವುದರಿಂದ ಹಿಡಿದು ಕೊನೆಯ ಪಂಕ್ತಿಗೆ ಮಜ್ಜಿಗೆ ಬಡಿಸುವವರೆಗೆ ಎಲ್ಲವೂ ನನ್ನದೇ ಹೊಣೆ. ಗಂಡಸರೇ ತುಂಬಿದ್ದ ಆ ಕಸುಬಿನಲ್ಲಿ ಹದಿನೈದು ವರ್ಷ ಹೆಣಗಿ ಹೆಸರು ಮಾಡಿದ್ದೆ. ಗಿರಿಜಮ್ಮನ ಅನಾನಸ್ ಕೇಸರಿಬಾತು ಎಂದರೆ ಸಕ್ಕರೆ ಕಾಯಿಲೆಯವರೂ ಇನ್ನೊಂದು ಸೌಟು ಕೇಳುತ್ತಿದ್ದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಇಷ್ಟೆಲ್ಲ ಮಾಡಿದವಳನ್ನು ಬಿಟ್ಟು ಜನ ಒಂದು ಬಾಟಲಿಯನ್ನು ಹೊಗಳಿದರೆ ಹೇಗಾಗುತ್ತದೆ ಎಂಬುದು ನಿಮಗೆ ಗೊತ್ತಾಗಲಿ ಅಂತ ಹೇಳುತ್ತಿದ್ದೇನೆ.

ಆ ಬಾಟಲಿ ಶೈಲಾಳದು. ಶೈಲಾ ನನ್ನ ಓರಗಿತ್ತಿ, ಮೈದುನನ ಹೆಂಡತಿ. ನಾವು ಶಿವಮೊಗ್ಗದಲ್ಲಿ, ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿದ್ದೆವು. ಅವರು ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದರು. ಮೈದುನ ಕಾರ್ಖಾನೆಯ ಕೆಲಸಕ್ಕೆ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತ ಮೇಲೆ ಇವಳು ಮೆಣಸಿನ ಸಾಸು ಮಾಡಿ ಮಾರತೊಡಗಿದಳು. ಅಂಗಡಿಯಲ್ಲಿ ಸಿಗುವ ಟೊಮೆಟೊ ಸಾಸಿನಂಥದ್ದಲ್ಲ. ಹಣ್ಣಾದ ಜೀರಿಗೆ ಮೆಣಸಿಗೆ ಉಪ್ಪು ಬೆರೆಸಿ ಭರಣಿಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ತಾನಾಗಿ ಹುಳಿ ಬರುವವರೆಗೆ ಬಿಡುತ್ತಿದ್ದಳು. ಆಮೇಲೆ ಅದನ್ನು ರುಬ್ಬಿ, ಸೋಸಿ, ಅನಾನಸ್ ರಸದ ಜೊತೆ ಕುದಿಸಿ ಬಾಟಲಿಗೆ ತುಂಬುತ್ತಿದ್ದಳು. ಇನ್ನೊಂದು ಬಗೆಗೆ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ ಹಾಕುತ್ತಿದ್ದಳು. ಹೊಸ ಬಾಟಲಿ ಕೊಳ್ಳುವ ಶಕ್ತಿ ಇರಲಿಲ್ಲವಾದ್ದರಿಂದ ಗುಜರಿಯಿಂದ ಹೆಂಡದ ಕ್ವಾರ್ಟರ್ ಬಾಟಲಿ ತರಿಸಿ, ಬೂದಿ ಹಾಕಿ ತಿಕ್ಕಿ, ಕುದಿಸಿ, ಒಣಗಿಸಿ ತುಂಬುತ್ತಿದ್ದಳು. ನೋಡಿದವರಿಗೆ ಮನೆಯೋ ಸಾರಾಯಿ ಅಂಗಡಿಯೋ ಎಂದು ಅನುಮಾನ ಬರಬೇಕು.

ಮೊದಲ ಬಾಟಲಿಯನ್ನು ಅವಳು ದೀಪಾವಳಿಗೆ ನಮ್ಮ ಮನೆಗೆ ತಂದಳು. ಅತ್ತೆ ಇದ್ದದ್ದು ನನ್ನ ಬಳಿ. ಇಪ್ಪತ್ತು ವರ್ಷ ನನ್ನ ಕೈಯಲ್ಲಿ ಉಂಡವರು ಒಂದು ದಿನವೂ ಚೆನ್ನಾಗಿದೆ ಎಂದವರಲ್ಲ. ಉಪ್ಪು ಮುಂದು, ಹುಳಿ ಹಿಂದು ಎಂದು ಏನಾದರೊಂದು ಇದ್ದೇ ಇರುತ್ತಿತ್ತು. ಅವತ್ತು ನಾನು ಮಾಡಿದ ತಿಳಿಸಾರಿಗೆ ಶೈಲಾ ನಾಲ್ಕು ಹನಿ ಹಾಕಿಕೊಟ್ಟಳು. ಅತ್ತೆ ಎಲೆಯಲ್ಲಿ ಹರಿದ ಸಾರನ್ನೂ ಬೆರಳಲ್ಲಿ ಬಳಿದು ಚಪ್ಪರಿಸಿ, "ಇವತ್ತು ಊಟ ರುಚಿಯಾಗಿತ್ತು ನೋಡೇ ಗಿರಿಜಾ" ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಬೆಳಗಿನ ಜಾವ ಎದ್ದು ಬೇಳೆ ಬೇಯಿಸಿದವಳು ನಾನು. ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆಯನ್ನು ಯಾವ ಓರಗಿತ್ತಿ ಕಟ್ಟಿದಳೋ, ಅವಳ ಸಂಕಟ ನನಗೆ ಅವತ್ತು ಅರ್ಥವಾಯಿತು.

ಅಲ್ಲಿಂದ ಅದು ನಿಲ್ಲಲಿಲ್ಲ. ಮೊಸರನ್ನಕ್ಕೆ ಅದೇ, ಉಪ್ಪಿಟ್ಟಿಗೆ ಅದೇ, ಅಕ್ಕಿರೊಟ್ಟಿಗೆ ಚಟ್ನಿ ಇದ್ದರೂ ಅದೇ. ಸಿಹಿಯನ್ನಾದರೂ ಬಿಟ್ಟಾಳೆ ಎಂದುಕೊಂಡಿದ್ದೆ. ಯುಗಾದಿಗೆ ಬಂದವಳು ಹೋಳಿಗೆಗೆ ತುಪ್ಪ ಸವರಿ ಅದರ ಮೇಲೆ ಅನಾನಸ್ ಸಾಸನ್ನು ಎಳೆಯಾಗಿ ಬಿಟ್ಟಳು. ಮೊದಲು ಬೆಲ್ಲದ ಸಿಹಿ, ಆಮೇಲೆ ಗಂಟಲ ಹತ್ತಿರ ಸಣ್ಣಗೆ ಖಾರ, ಮತ್ತೆ ಸಿಹಿ ಬೇಕೆನಿಸುವುದು. ಒಂದು ಹೋಳಿಗೆ ತಿನ್ನುವವರು ಮೂರು ತಿಂದರು. ನನ್ನ ಗಂಡನೂ ತಿಂದರು. ಚೆನ್ನಾಗಿತ್ತು ಎಂದು ನನಗೂ ಗೊತ್ತಿತ್ತು, ಉರಿಯಿದ್ದದ್ದೇ ಅದಕ್ಕೆ. ಕೆಟ್ಟದಾಗಿದ್ದರೆ ನಾನೇ ನಾಲ್ಕು ಒಳ್ಳೆಯ ಮಾತು ಹೇಳಿಬಿಡುತ್ತಿದ್ದೆ.

ಹೀಗೆ ನಾಲ್ಕು ವರ್ಷ. ಅವಳ ಬಾಟಲಿ ಮನೆಗೆ ಬಂದ ಕೂಡಲೇ, ಯಾರೂ ಇಲ್ಲದಾಗ ಮುಚ್ಚಳ ತೆಗೆದು ಮೂಸುತ್ತಿದ್ದೆ. ಬಿಳಿ ತಟ್ಟೆಗೆ ಹನಿ ಬಿಟ್ಟು ಬಣ್ಣ ನೋಡುತ್ತಿದ್ದೆ. ಬರಿಯ ನಾಲಿಗೆಗೂ ಹಚ್ಚುತ್ತಿದ್ದೆ, ಅನ್ನದ ಜೊತೆಗೂ ತಿನ್ನುತ್ತಿದ್ದೆ. ಎಲ್ಲೋ ಒಂದು ಕಡೆ ಬೂಸಲು, ಕಹಿ, ಹಳಸಲು ಸಿಕ್ಕೇ ಸಿಗುತ್ತದೆಂದು ಕಾಯುತ್ತಿದ್ದೆ. ಸಿಗಲಿಲ್ಲ.

ನಾನು ಮೊದಲು ಹೇಳಿದ 2001ರಲ್ಲಿ ಭದ್ರಾವತಿಯ ಒಂದು ಗೃಹಪ್ರವೇಶದ ಕಂಟ್ರಾಕ್ಟ್ ಬಂತು. ಹೊಳೆಹೊನ್ನೂರಿನ ಕಡೆಯ ಅಕ್ಕಿ ಗಿರಣಿ ಸಾಹುಕಾರರು, ನಮ್ಮವರೇ. ನಾನೂರು ಎಲೆ. ಮಾತು ಮುಗಿಸಿ ತಾಂಬೂಲ ಕೈಗೆ ಕೊಡುವಾಗ ಸಾಹುಕಾರರು, ಕೇಸರಿಬಾತು, ಹೋಳಿಗೆ, ಮೊಸರನ್ನ ಮೂರಕ್ಕೂ ಶೈಲಾ ಸಾಸು ಬಡಿಸುತ್ತಾಳೆ, ಅವಳಿಗೆ ಹೇಳಿಯಾಗಿದೆ ಎಂದರು. ಗಾಯದ ಮೇಲೆ ಬರೆ ಎಳೆದಂತಾಯಿತು. ಹೊಸ ಮನೆಯ ಕೆಳಗೆ ಅವರು ಎರಡು ಮಳಿಗೆ ಕಟ್ಟಿಸಿದ್ದರು. ಒಂದನ್ನು ಶೈಲಾಳಿಗೆ ಮುಂಗಡವಿಲ್ಲದೆ ಕೊಡುವ ಮನಸ್ಸಿತ್ತು. ದಾವಣಗೆರೆ, ಶಿವಮೊಗ್ಗದ ದಿನಸಿ ವ್ಯಾಪಾರಿಗಳು ಊಟಕ್ಕೆ ಬರುವವರಿದ್ದರು. ಅವರು ತಿಂದು ಮೆಚ್ಚಿ ಮಾಲು ಎತ್ತಲು ಒಪ್ಪಿದರೆ ಮಳಿಗೆ ಅವಳದು. ಇಲ್ಲವಾದರೆ ಒಬ್ಬ ಔಷಧಿ ಅಂಗಡಿಯವ ಆಗಲೇ ಕೇಳಿಕೊಂಡು ಹೋಗಿದ್ದ. ಮೈದುನನಿಗೆ ಬೇರೆ ಕೆಲಸವಿಲ್ಲ, ಮನೆ ನಡೆಯುತ್ತಿದ್ದದ್ದು ಆ ಬಾಟಲಿಗಳಿಂದ. ಶೈಲಾಳ ಬದುಕು ಆ ಒಂದು ಊಟದ ಮೇಲೆ ನಿಂತಿತ್ತು.

ಇಲ್ಲಿ ನಮ್ಮ ಅಡುಗೆಮನೆಯ ಒಂದು ಕಟ್ಟಳೆಯನ್ನು ಹೇಳಬೇಕು. ದೇವರಿಗೆ ಎಡೆ ಇಟ್ಟು, ಜಂಗಮರು ಊಟಕ್ಕೆ ಕೈ ಹಾಕುವವರೆಗೆ ಅಡುಗೆಯವರು ಏನನ್ನೂ ಬಾಯಿಗೆ ಹಾಕುವಂತಿಲ್ಲ. ಉಪ್ಪು ಸಾಕೇ, ಹುಳಿ ಹತ್ತಿತೇ, ಎಲ್ಲವನ್ನೂ ಹಬೆಯ ವಾಸನೆಯಲ್ಲಿ, ಸೌಟಿನಿಂದ ಬೀಳುವ ಧಾರೆಯಲ್ಲಿ ತಿಳಿಯಬೇಕು. ನಾಲಿಗೆ ಕಟ್ಟಿಟ್ಟು ಮೂಗಿನಿಂದ ಅಡುಗೆ ಮಾಡುವ ವಿದ್ಯೆ ಅದು. ಹೋಟೆಲಿನಿಂದ ಬಂದ ಭಟ್ಟರು ನಮ್ಮ ಮನೆಗಳಲ್ಲಿ ಒದ್ದಾಡುವುದು ಇದಕ್ಕೇ.

ಗೃಹಪ್ರವೇಶದ ಬೆಳಿಗ್ಗೆ ಕೇಸರಿಬಾತು ಇಳಿಸಿ, ಹೋಳಿಗೆಯ ಹೆಂಚಿನ ಕಡೆ ನೋಡಿಕೊಂಡು ಉಗ್ರಾಣಕ್ಕೆ ಹೋದೆ. ಮೂಲೆಯಲ್ಲಿ ಒಂದು ಹಿತ್ತಾಳೆ ಕೊಳಗ ತಟ್ಟೆ ಮುಚ್ಚಿಕೊಂಡು ಕೂತಿತ್ತು. ಶೈಲಾಳ ಸಾಸು ಎಂದು ಕೆಲಸದವರು ಹೇಳಿದರು. ಚಟ ಬಿಡುತ್ತದೆಯೇ? ತಟ್ಟೆ ಸರಿಸಿ ಮೂಗು ಇಳಿಸಿದೆ. ಅನಾನಸ್ಸು ಬಂತು, ಮೆಣಸು ಬಂತು, ಅದರ ಹಿಂದೆ ಇನ್ನೊಂದು ವಾಸನೆ ಬಂತು. ಬೆವರಿದ ಅಂಗೈಯಲ್ಲಿ ಹಳೆಯ ತಾಮ್ರದ ಕಾಸು ಹಿಡಿದಾಗ ಬರುವ ವಾಸನೆ.

ಕಿಲುಬು. ಹಿತ್ತಾಳೆ ಪಾತ್ರೆಯ ಒಳಗೆ ತವರದ ಲೇಪ ಕೊಡಿಸುತ್ತಾರೆ, ಅದಕ್ಕೆ ಕಲಾಯಿ ಎನ್ನುತ್ತಾರೆ. ಕಲಾಯಿ ಸವೆದ ಪಾತ್ರೆಯಲ್ಲಿ ಹುಳಿ ಪದಾರ್ಥ ನಿಂತರೆ ಕಿಲುಬು ಬಿಡುತ್ತದೆ. ತಿಂದವರಿಗೆ ವಾಂತಿ ತಪ್ಪದು.

ಆ ಕ್ಷಣ ನನಗೆ ಆದದ್ದು ಸಂತೋಷ. ಸಿಕ್ಕಿತಲ್ಲ ಕೊನೆಗೂ! ಇದು ಎಲೆಗೆ ಬಿದ್ದರೆ ವ್ಯಾಪಾರಿಗಳು ಮುಖ ಕಿವುಚುತ್ತಾರೆ, ಜನ ಎದ್ದು ಹೋಗುತ್ತಾರೆ, ಆ ಕೆಂಪು ಬಾಟಲಿಯನ್ನು ಊರಲ್ಲಿ ಯಾರೂ ಮುಟ್ಟುವುದಿಲ್ಲ. ಸಾಸು ನನ್ನದಲ್ಲ, ಬಡಿಸುವವಳು ನಾನಲ್ಲ. ತಟ್ಟೆ ಮುಚ್ಚಿ ಹೋಳಿಗೆಯ ಹತ್ತಿರ ಹೋದರೆ ಸಾಕಿತ್ತು. ನಾನು ಹೋಗಲಿಲ್ಲ. ಉಣ್ಣಲು ಬಂದವರು ಕಕ್ಕುವುದನ್ನು ಯಾವ ಅಡುಗೆಯವಳೂ ನೋಡಲಾರಳು, ಅದು ಒಂದು ಮಾತು. ಇನ್ನೊಂದು ಮಾತೆಂದರೆ, ನಾಲ್ಕು ವರ್ಷ ನಾನು ಹುಡುಕಿದ ತಪ್ಪನ್ನು ಯಾವನೋ ದಾವಣಗೆರೆಯ ವ್ಯಾಪಾರಿ ನನಗಿಂತ ಮೊದಲು ಹೇಳುವುದೇ? ಅದು ನನ್ನಿಂದ ತಡೆಯಲಾಗದ ಮಾತು. ಶೈಲಾಳನ್ನು ಕರೆದೆ. ನನ್ನ ದನಿಗೆ ಆ ಮನೆಯ ಅಜ್ಜಿ, ಸಾಹುಕಾರರ ತಾಯಿಯೂ ಬಂದರು.

ನಡೆದದ್ದು ಆಗ ತಿಳಿಯಿತು. ಹಿಂದಿನ ಸಂಜೆ ಶೈಲಾ ಬಾಟಲಿಗಳನ್ನು ತಂದಿಟ್ಟು ಹೋಗಿದ್ದಳು. ಎಡೆಯ ಅಡುಗೆ ಆಗುವ ಮನೆಯೊಳಗೆ ಹೆಂಡದ ಬಾಟಲಿಯೇ ಎಂದು ಅಜ್ಜಿಗೆ ಮೈಮೇಲೆ ಬಂದಂತಾಗಿ, ಎಲ್ಲವನ್ನೂ ತಮ್ಮ ಮದುವೆಯಲ್ಲಿ ತವರಿಂದ ಬಂದ ಕೊಳಗಕ್ಕೆ ಸುರಿಸಿ, ಖಾಲಿ ಬಾಟಲಿಗಳನ್ನು ಗೇಟಿನ ಹೊರಗೆ ಇಡಿಸಿದ್ದರು. ಮಜ್ಜಿಗೆಯಾಗಿದ್ದರೆ ಅವರೂ ಹಾಗೆ ಮಾಡುತ್ತಿರಲಿಲ್ಲ. ಮೆಣಸಿನ ಸಾಸು ಹುಳಿ ಪದಾರ್ಥವೆಂದು ಅವರಿಗೆ ಹೊಳೆಯಲೇ ಇಲ್ಲ.

ನಾನು ಕಿಲುಬು ಎಂದ ಕೂಡಲೇ ಅಜ್ಜಿ ನನ್ನ ಮೇಲೇ ತಿರುಗಿದರು.

"ಎಡೆ ಆಗೋ ಮೊದ್ಲೇ ಬಾಯಿಗೆ ಹಾಕ್ಕೊಂಡ್ಯೇನಮ್ಮ?"

"ಇಲ್ಲ ಅಜ್ಜಿ, ಮೂಸಿದ್ದು ಅಷ್ಟೇ."

"ಬರೀ ಮೂಸಿ ಹೆಂಗೆ ಹೇಳ್ತೀಯ?"

"ನಾಲ್ಕು ವರ್ಷದಿಂದ ಇವಳ ಒಂದೊಂದು ಬಾಟ್ಲಿನೂ ಮೂಸಿ ಮೂಸಿ ತಪ್ಪು ಹುಡುಕಿದೀನಿ. ಒಂದಿನಾನೂ ಈ ವಾಸನೆ ಬಂದಿಲ್ಲ."

ಬಾಯಿಂದ ಬಂದ ಮೇಲೆಯೇ ನಾನೇನು ಹೇಳಿದೆನೆಂದು ನನಗೆ ಗೊತ್ತಾದದ್ದು. ಶೈಲಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೊಳಗವನ್ನು ಹಿತ್ತಲಿಗೆ ಒಯ್ದು ಬಗ್ಗಿಸಿದಳು. ಒಳಗೆ ಕಲಾಯಿ ಹೋಗಿ ತಳದಲ್ಲಿ ಹಸಿರು ಉಂಗುರ ಕೂತಿತ್ತು. ಬೀದಿಯಲ್ಲಿ ಕಲಾಯಿಯವರು ಕೂಗುವುದು ನಿಂತು ಎಷ್ಟೋ ಕಾಲವಾಗಿತ್ತು, ಅಜ್ಜಿಯ ಕೊಳಗ ಅಟ್ಟದಲ್ಲೇ ಇತ್ತು. ಅಜ್ಜಿ ಕಂಬಕ್ಕೆ ಒರಗಿ ಕೂತರು.

ಶೈಲಾ ಖಾಲಿ ಕೊಳಗವನ್ನು ಕೆಳಗಿಟ್ಟಳು. ಮುಗೀತು ಅಕ್ಕ ಎಂದಳು. ಮುಗಿಯುವುದು ಬಿಡುವುದು ನಾನು ಹೇಳುತ್ತೇನೆ, ಮನೆಯಲ್ಲಿ ಎಷ್ಟು ಬಾಟಲಿ ಇದೆ ಹೇಳು ಎಂದೆ. ಅಂಗಡಿಗಳಿಗೆ ಕೊಡಲು ಇಟ್ಟದ್ದು ಸ್ವಲ್ಪ ಇತ್ತು, ಮೂರು ಪದಾರ್ಥಕ್ಕೆ ಸಾಲದು. ಮೈದುನ ಸ್ಕೂಟರ್ ಹತ್ತಿ ಓಲ್ಡ್ ಟೌನಿಗೆ ಹೋದ. ಮೊಸರನ್ನಕ್ಕೆ ಬೇಡ, ಹೋಳಿಗೆಗೂ ಬೇಡ, ಕೇಸರಿಬಾತಿಗೆ ಮಾತ್ರ, ಎಲೆಗೆ ಎರಡೇ ಹನಿ ಎಂದು ನಿರ್ಧಾರ ಮಾಡಿದವಳು ನಾನು. ಬಾಟಲಿಗಳ ಮುಚ್ಚಳವನ್ನು ಗೇಟಿನ ಹೊರಗೇ ತೆಗೆದು, ಸಾಸನ್ನು ಉಪ್ಪಿನಕಾಯಿ ಭರಣಿಗೆ ಸುರಿದು ಒಳಗೆ ತಂದೆವು. ಈ ಸಲ ಅಜ್ಜಿ ತಾವೇ ಎದ್ದು ಬಂದು ಭರಣಿಗೆ ತಟ್ಟೆ ಮುಚ್ಚಿದರು.

ಎಡೆ ಆಯಿತು, ಪಂಕ್ತಿ ಕೂತಿತು. ಬಿಸಿ ಕೇಸರಿಬಾತಿನ ಮೇಲೆ ಕೆಂಪು ಹನಿ ಬಿದ್ದದ್ದೇ ಜನ ಮಾತು ನಿಲ್ಲಿಸಿ ತಿಂದರು. ಕಡಿಮೆ ಹಾಕಿದ್ದಕ್ಕೆ ಇನ್ನಷ್ಟು ಬೇಕು ಎನ್ನುವ ಆಸೆ ಬಂತು. ದಾವಣಗೆರೆಯವರು ಕೈ ತೊಳೆಯುವ ಮೊದಲೇ ಶೈಲಾಳ ಬಳಿ ಹೋಗಿ ಮಾತಾಡಿದರು. ಮಳಿಗೆ ಅವಳದಾಯಿತು. ಆ ಕೇಸರಿಬಾತಿಗೆ ರವೆ ಹುರಿದವಳು ಯಾರೆಂದು ಒಬ್ಬನೂ ಕೇಳಲಿಲ್ಲ. ಸಾಸನ್ನು ಉಳಿಸಿದವಳು ಯಾರೆಂದು ಕೇಳುವುದಂತೂ ದೂರವೇ ಉಳಿಯಿತು. ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಮರಳುವಾಗ ದಾರಿಯುದ್ದಕ್ಕೂ ಹೊಟ್ಟೆ ಉರಿಯುತ್ತಿತ್ತು. ಹೆಚ್ಚು ಉರಿದದ್ದು ಬೇರೆ ಕಾರಣಕ್ಕೆ. ನಾಲ್ಕು ವರ್ಷಕ್ಕೆ ಸಿಕ್ಕ ಒಂದೇ ಒಂದು ತಪ್ಪು, ಅದೂ ಅವಳದಲ್ಲ, ಪಾತ್ರೆಯದು.

ಮಳಿಗೆ ತೆರೆದ ಮೇಲೆ ಒಂದು ದಿನ ಬಸ್ ಕಂಡಕ್ಟರ್ ಕೈಯಲ್ಲಿ ಒಂದು ಬಾಟಲಿ ಬಂತು. ಈಗ ಹೊಸ ಬಾಟಲಿ, ಮೇಲೆ ಲೇಬಲ್ಲು. ಹಿಂದೆಯೇ ಶೈಲಾಳ ಫೋನು. ಹೊಸ ಭರಣಿಯ ಮಾಲು, ನೀವು ನೋಡಿ ಹೇಳಿದ ಮೇಲೆಯೇ ಅಂಗಡಿಗೆ ಕಳಿಸುತ್ತೇನೆ ಎಂದಳು. ನಿನ್ನನ್ನು ಹೊಗಳುವವರು ಊರು ತುಂಬ ಇದ್ದಾರಲ್ಲ, ನಾನ್ಯಾಕೆ ಮಾರಾಯ್ತಿ ಎಂದು ಕೇಳಿದೆ.

"ಹೊಗಳೋರು ಬೇಕಾದಷ್ಟು ಜನ ಇದಾರೆ ಅಕ್ಕ. ಹೊಟ್ಟೆಕಿಚ್ಚು ಪಡೋರು ನೀವೊಬ್ರೇ."

ಕಸುಬು ನನಗೆ ಕಲಿಸಿದ್ದನ್ನೇ ಅವಳು ಹೇಳಿದ್ದಳು. ಮೆಚ್ಚಿದವರು ಉಂಡು, ಬಾಯಿ ಚಪ್ಪರಿಸಿ, ಎದ್ದು ಹೋಗುತ್ತಾರೆ. ಕೊನೆಯ ಹನಿಯವರೆಗೂ ಎಚ್ಚರದಿಂದ ರುಚಿ ನೋಡುವವರು ನನ್ನಂಥವರು.

ಕಂಟ್ರಾಕ್ಟ್ ಬಿಟ್ಟು ವರ್ಷಗಳಾದವು, ಬಾಟಲಿ ಬರುವುದು ನಿಂತಿಲ್ಲ. ಮೊನ್ನೆಯೂ ಒಂದು ಬಂತು. ಮೂಸಿದೆ, ತಟ್ಟೆಗೆ ಬಿಟ್ಟು ನೋಡಿದೆ, ಬರಿಯ ನಾಲಿಗೆಗೆ ಹಚ್ಚಿದೆ. ಏನೂ ಸಿಗಲಿಲ್ಲ. ಮಧ್ಯಾಹ್ನವೆಲ್ಲ ಮನಸ್ಸು ಸರಿಯಿರಲಿಲ್ಲ. ಸಂಜೆ ಫೋನು ಮಾಡಿ, ಲೇಬಲ್ಲು ಸೊಟ್ಟಗೆ ಅಂಟಿಸಿದ್ದೀಯ ಎಂದೆ. ಆ ಕಡೆ ಶೈಲಾ ನೆಮ್ಮದಿಯ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. "ಹಂಗಾದ್ರೆ ಮಾಲು ಕಳಿಸ್ತೀನಿ ಅಕ್ಕ" ಎಂದಳು.