ನಮ್ಮ ಪೆಟ್ಟಿಗೆಯ ಆ ಒಂದು ಓಟು

ನಮ್ಮ ಭಾವ ಪೌಸ್ತಿನೊ ಪೆಸಿಫಿಕ್ ಸಾಗರದ ಪೋನ್‌ಪೇ ದ್ವೀಪರಾಜ್ಯದ ಶಾಸನಸಭೆಗೆ ಐದು ಸಲ ನಿಂತ. ಮೂರು ಸಲ ಗೆದ್ದ, ಎರಡು ಸಲ ಸೋತ. ಐದೂ ಸಲ ಎದುರಾಳಿ ಒಬ್ಬನೇ, ಹೊಳೆಯಾಚೆಯ ವೆಲ್ಟರ್. ಚುನಾವಣಾ ಕಚೇರಿಯ ದಾಖಲೆಯಲ್ಲಿ ಇಷ್ಟೇ ಸಿಗುತ್ತದೆ. ಉಳಿದದ್ದು ನನಗೆ ಗೊತ್ತು, ಯಾಕೆಂದರೆ ಐದೂ ಸಲ ಅವನ ಪರವಾಗಿ ಗಂಟಲು ಹರಿದುಕೊಂಡವನು ನಾನು. ಅವನಂತೂ ತನ್ನ ಪರವಾಗಿ ಒಂದು ದಿನವೂ ಬಾಯಿ ಬಿಟ್ಟವನಲ್ಲ.

ಶಾಸಕನಾಗುವ ಮೊದಲು ಅವನು ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದ. ಶಾಸಕನಾದ ಮೇಲೂ ಅದನ್ನೇ ಮಾಡುತ್ತಿದ್ದ. ಕಾಂಡ್ಲಾ ಮರಗಳ ಅಂಚಿನಲ್ಲಿ ಅವನ ತಗಡಿನ ಶೆಡ್ಡು. ಕಿತ್ತಿ ಸೀಮೆಯಲ್ಲಿ ಯಾರ ಎಂಜಿನ್ ಸಮುದ್ರದ ನಡುವೆ ಕೈಕೊಟ್ಟರೂ ಹುಟ್ಟು ಹಾಕಿಕೊಂಡು ಅಲ್ಲಿಗೇ ಬರಬೇಕು. ಅಂಥವನನ್ನು ಚುನಾವಣೆಗೆ ದೂಡಿದವಳು ನನ್ನ ಅಕ್ಕ ಸೆರ್ಲಿನಾ, ಅಂದರೆ ಅವನ ಹೆಂಡತಿ. ನಮ್ಮ ತಂಗಿ ಕ್ಲಾರಿಂತಾಗೆ ಸಕ್ಕರೆ ಕಾಯಿಲೆ. ಬಂಡೆಯ ಮೇಲೆ ಚಿಪ್ಪು ತಾಗಿ ಕಾಲಿಗೆ ಗಾಯವಾಯಿತು. ಆ ಕಾಯಿಲೆಗೆ ಪಾದ ಮರಗಟ್ಟಿ ನೋವೇ ಇರಲಿಲ್ಲ, ಅದು ಕೊಳೆಯುತ್ತಿರುವುದು ನಮಗೆ ಯಾರಿಗೂ ತಿಳಿಯಲಿಲ್ಲ. ತಿಳಿದ ದಿನ ಮಳೆಗೆ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ರಾಜಧಾನಿ ಕೊಲೋನಿಯಾದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಪಾದ ತೆಗೆಯದೆ ದಾರಿಯಿರಲಿಲ್ಲ.

"ನಮ್ಮೂರು ನನ್‌ಪೇಯ್‌ಗೆ ಒಂದು ಆರೋಗ್ಯ ಕೇಂದ್ರ ಬೇಕು," ಎಂದಳು ಅಕ್ಕ. ಅವಳು ನರ್ಸ್ ಕೆಲಸ ಕಲಿತವಳು. "ಕೇಳಿ ಕೇಳಿ ಸಾಕಾಯ್ತು. ನೀನೇ ನಿಲ್ಲು, ಗೆದ್ದು ತಗೊಂಡು ಬಾ."

"ನಾನಾ? ಸಭೆಲಿ ನಿಂತು ಮಾತಾಡೋಕೆ ನನಗೆ ಬರುತ್ತಾ?"

"ಎಂಜಿನ್ ಹತ್ರ ದಿನವಿಡೀ ಮಾತಾಡ್ತೀಯಲ್ಲ, ಹಂಗೇ ಅಲ್ಲೂ ಮಾತಾಡು."

ಹೀಗೆ 2003ರಲ್ಲಿ ನಿಂತ. ಮೊದಲ ಪ್ರಚಾರ ಸಭೆ ನಮ್ಮ ಊರಚಾವಡಿಯಲ್ಲೇ. ವೆಲ್ಟರ್ ಎದ್ದು ಅರ್ಧ ಗಂಟೆ ಮಾತಾಡಿದ. ಭಾವ ಎದ್ದು ನೆಲ ನೋಡುತ್ತಾ, "ವೆಲ್ಟರ್ ನನಗಿಂತ ಓದಿದೋನು. ಅವನು ಹೇಳಿದ್ದೆಲ್ಲ ಸರಿಯಾಗೇ ಇದೆ," ಎಂದು ಕೂತುಬಿಟ್ಟ. ನನಗೆ ತಲೆ ಗೋಡೆಗೆ ಚಚ್ಚಿಕೊಳ್ಳೋಣ ಅನ್ನಿಸಿತು. ಆದರೆ ನಮ್ಮಲ್ಲಿ ಮರ್ಯಾದಸ್ಥರು ಮಾತಾಡುವುದೇ ಹಾಗೆ. ಹಬ್ಬಕ್ಕೆ ಆರು ಜನ ಹೊರುವಷ್ಟು ದೊಡ್ಡ ಗೆಣಸು ತಂದವನು, "ಇದೇನು ಮಹಾ, ಪಕ್ಕದ ಮನೆಯವರದ್ದು ನೋಡಿ," ಎನ್ನಬೇಕು. ತಾನೇ ಹೊಗಳಿಕೊಂಡರೆ ಊರು ಮುಖದ ಮೇಲೆ ಏನೂ ಅನ್ನುವುದಿಲ್ಲ, ಹತ್ತು ವರ್ಷ ಬೆನ್ನ ಹಿಂದೆ ನಗುತ್ತದೆ.

ಆ ಸಲ ನೂರ ನಲವತ್ತು ಓಟಿನಿಂದ ಸೋತ. ನಮ್ಮ ನನ್‌ಪೇಯ್ ಪೆಟ್ಟಿಗೆಯನ್ನು ಚಾವಡಿಯಲ್ಲೇ ಎಣಿಸಿ ಕೂಗಿ ಹೇಳಿದರು. ಪೌಸ್ತಿನೊಗೆ ಅರವತ್ತಮೂರು, ವೆಲ್ಟರ್‌ಗೆ ಒಂದು.

ಒಂದು! ಊರೆಂದರೆ ಎಲ್ಲರೂ ನಂಟರೇ, ಎಲ್ಲರೂ ಮಾತು ಕೊಟ್ಟವರೇ. ಯಾರದು ಆ ಒಂದು? ಎಲ್ಲರ ಕಣ್ಣೂ ಸೆಪಿಯೊ ಮಾವನ ಮೇಲೆ ಬಿತ್ತು. ಅವನ ಮಗಳನ್ನು ವೆಲ್ಟರ್‌ನ ತಮ್ಮನಿಗೆ ಕೊಟ್ಟಿತ್ತು.

"ಏನ್ ಮಾವ, ಬೀಗರಿಗೆ ಉಡುಗೊರೆ ತಲುಪಿಸಿದ್ಯಾ?" ಎಂದು ನಾನೇ ಮೊದಲು ಚುಚ್ಚಿದ್ದು.

"ನಾನಲ್ಲ ಕಣೋ ಯೊಸಿರೊ. ದೇವರಾಣೆ ನಾನಲ್ಲ."

ಯಾರು ನಂಬುತ್ತಾರೆ? 2007ರಲ್ಲಿ ಭಾವ ಮೂವತ್ತೊಂದು ಓಟಿನಿಂದ ಗೆದ್ದ. ಎಂಜಿನ್ ರಿಪೇರಿ ಮಾಡಿಸಿಕೊಂಡ ಬೆಸ್ತರೆಲ್ಲ ಕೈಹಿಡಿದರು. 2011ರಲ್ಲಿ ಐವತ್ತೇಳರಿಂದ ಗೆದ್ದ. ಎರಡೂ ಸಲ ನಮ್ಮ ಪೆಟ್ಟಿಗೆಯಲ್ಲಿ ವೆಲ್ಟರ್‌ಗೆ ಅದೇ ಒಂದು ಓಟು. ಗೆದ್ದ ಖುಷಿಯಲ್ಲಿ ಅದು ತಮಾಷೆಯಾಗಿ ಹೋಯಿತು. ಸೆಪಿಯೊ ಮಾವ ಅಲ್ಲಗಳೆಯುವುದನ್ನೇ ಬಿಟ್ಟ. ಯಾರಾದರೂ ಕೆಣಕಿದರೆ ಕೆಮ್ಮಿ ಎದ್ದು ಹೋಗುತ್ತಿದ್ದ.

ಸಭೆಯಲ್ಲಿ ಭಾವ ದೊಡ್ಡ ಮಾತುಗಾರನೇನೂ ಆಗಲಿಲ್ಲ. ಆದರೆ ಬೋಲ್ಟು ಬಿಗಿಯುವವನ ತಾಳ್ಮೆ ಅವನದು. ಎಂಟು ವರ್ಷ ಒಬ್ಬೊಬ್ಬ ಸದಸ್ಯನ ಪಕ್ಕ ಕೂತು ಕೂತು ಆರೋಗ್ಯ ಕೇಂದ್ರದ ಮಸೂದೆಯನ್ನು ಕೊನೆಯ ವಾಚನದವರೆಗೆ ತಂದ. ಅಷ್ಟರಲ್ಲಿ 2015ರ ಚುನಾವಣೆ ಬಂತು. ಗೆದ್ದರೆ ಮೂರು ತಿಂಗಳಲ್ಲಿ ಮಸೂದೆ ಪಾಸು. ಸೋತರೆ ಅದು ಮೂಲೆಗೆ.

ಸೋತ. ವೆಲ್ಟರ್‌ಗೆ ನಾನೂರ ಹನ್ನೆರಡು, ಭಾವನಿಗೆ ನಾನೂರ ಹನ್ನೊಂದು. ನಮ್ಮ ಪೆಟ್ಟಿಗೆಯಲ್ಲಿ ಎಪ್ಪತ್ತೊಂದು ಅವನಿಗೆ, ಒಂದು ವೆಲ್ಟರ್‌ಗೆ. ಆ ಒಂದು ಈ ಕಡೆ ಬಿದ್ದಿದ್ದರೆ ಗೆದ್ದೇಬಿಡುತ್ತಿದ್ದೆವು.

ಈಗ ತಮಾಷೆ ಉಳಿಯಲಿಲ್ಲ. ಸೆಪಿಯೊನ ಹೆಂಡತಿ ಇಗರ್ಜಿಯಲ್ಲಿ ಕೂತ ಬೆಂಚಿನಿಂದ ಉಳಿದವರು ಎದ್ದು ಬೇರೆ ಕಡೆ ಹೋದರು. ಅವರ ಮೊಮ್ಮಗಳು ಶಾಲೆಯಿಂದ ಅಳುತ್ತಾ ಬಂದಳು. ಆಮೇಲೊಂದು ತಿಥಿಯೂಟ. ನಮ್ಮಲ್ಲಿ ಹಂದಿಮಾಂಸ, ಗೆಣಸು, ಜೀಗುಜ್ಜೆಯ ಪಾಲನ್ನು ಒಬ್ಬೊಬ್ಬರ ಹೆಸರು ಕೂಗಿ ಹಂಚುತ್ತಾರೆ. ಹೆಸರು ಕೂಗಿಸಿಕೊಂಡವನಿಗಷ್ಟೇ ಊರಲ್ಲಿ ಜಾಗ. ಅವತ್ತು ಸೆಪಿಯೊನ ಹೆಸರು ಕೂಗಲಿಲ್ಲ. ಹೆಸರು ಕೂಗುವ ಕೆಲಸ ನನ್ನದು, ಕೂಗದೆ ಬಿಟ್ಟವನು ನಾನೇ. ಮುದುಕ ಖಾಲಿ ಬುಟ್ಟಿ ಮುಂದಿಟ್ಟುಕೊಂಡು ಕೊನೆಯ ಹೆಸರಿನವರೆಗೂ ಕಾದು ಕೂತಿದ್ದ. ಇವತ್ತು ನೆನೆದರೂ ನನಗೆ ನಾಚಿಕೆಯಾಗುತ್ತದೆ. ಅವತ್ತು ಆಗಲಿಲ್ಲ. ಭಾವ ಪಟ್ಟದವರು ಕೂರುವ ಮೇಲಿನ ಜಗಲಿಯಲ್ಲಿ ಕೂತು ಎಲ್ಲ ನೋಡಿದ, ಊಟ ಮುಟ್ಟದೆ ಎದ್ದು ಹೋದ.

ಮುಂದಿನ ಶನಿವಾರ ಮಧ್ಯಾಹ್ನ ಸೆಪಿಯೊ ಮಾವ ಮತ್ತು ಅವನ ಹೆಂಡತಿ ಮಳೆಯಲ್ಲಿ ನೆನೆಯುತ್ತಾ ಬುಡಸಮೇತ ಕಿತ್ತ ಸಕಾವ್ ಗಿಡ ಹೊತ್ತು ಚಾವಡಿಗೆ ಬಂದರು. ಸಕಾವ್ ಬೇರು ತಂದರೆಂದರೆ ತಪ್ಪೊಪ್ಪಿಗೆಗೆ ಬಂದರೆಂದೇ ಅರ್ಥ. ಬೇರು ಜಜ್ಜಿ ರಸ ಹಿಂಡಿ, ತೆಂಗಿನ ಚಿಪ್ಪಿಗೆ ತುಂಬಿ ನೊಂದವನ ಕೈಗೆ ಕೊಡಬೇಕು. ಅವನು ಕುಡಿದರೆ, ಕೊಲೆಯೇ ಆಗಿರಲಿ, ಅಲ್ಲಿಗೆ ಮುಗಿಯಿತು. ಬೇಡ ಎನ್ನುವವರು ಇಲ್ಲ.

ಊರೆಲ್ಲ ಸೇರಿತು. ಕಲ್ಲಿನ ಮೇಲೆ ಬೇರು ಜಜ್ಜುವ ಸದ್ದು ನಿಂತ ಮೇಲೆ ಸೆಪಿಯೊ ಮಾವ ತಲೆ ತಗ್ಗಿಸಿ ಹೇಳಿದ, "ಪೌಸ್ತಿನೊ, ತಪ್ಪಾಯ್ತಪ್ಪ. ಆ ಓಟಿನ ವಿಷಯ ಇಲ್ಲಿಗೇ ಬಿಟ್ಬಿಡು. ನಾನು ಮುದುಕ, ಹೆಂಗೋ ಇರ್ತೀನಿ. ಮೊಮ್ಮಕ್ಕಳು ನಿಮ್ಮ ಮಧ್ಯೆನೇ ಬೆಳೀಬೇಕು."

"ನೋಡ್ದಾ? ಒಪ್ಕೊಂಡ!" ಎಂದೆ ನಾನು ಅಕ್ಕನ ಕಿವಿಯಲ್ಲಿ.

ಚಿಪ್ಪು ಭಾವನ ಕೈಗೆ ಬಂತು. ಅವನು ಕುಡಿಯಲಿಲ್ಲ.

"ಮಾವ, ಇದನ್ನ ನಾನು ಕುಡಿಯೋಕಾಗಲ್ಲ."

ಸೆಪಿಯೊನ ಹೆಂಡತಿ ತೋಯ್ದ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

"ಆ ಓಟು ನಂದು," ಎಂದ ಭಾವ.

"ಏನಂದೆ?" ನಾನು ಕೂತಲ್ಲಿಂದ ಎದ್ದುಬಿಟ್ಟೆ.

"ನಂದು ಕಣೋ ಯೊಸಿರೊ. ನಾಲ್ಕೂ ಸಲ ವೆಲ್ಟರ್‌ಗೆ ಹಾಕಿದ್ದು ನಾನೇ. ಚೀಟೀಲಿ ಎರಡೇ ಹೆಸರು. ನನ್ನ ಹೆಸರಿಗೆ ನಾನೇ ಗುರುತು ಹಾಕ್ಕೊಳ್ಳೋದು ಹೆಂಗೆ? ಹಬ್ಬದಲ್ಲಿ ನನ್ನ ಗೆಣಸೇ ದೊಡ್ಡದು ಅಂತ ನಾನೇ ಕೂಗಿದ ಹಾಗಲ್ವಾ? ಕೈ ಏಳಲಿಲ್ಲ."

"ಕೈ ಏಳಲಿಲ್ವಂತೆ!" ಅಕ್ಕ ಸಿಡಿದಳು. "ನನ್ನ ತಂಗಿಗೆ ಕಾಲೇ ಇಲ್ಲ, ಈ ದೊಡ್ಡ ಮನುಷ್ಯನಿಗೆ ಕೈ ಏಳಲಿಲ್ವಂತೆ! ಹನ್ನೆರಡು ವರ್ಷ ಒಂದೇ ಹಾಸಿಗೇಲಿ ಮಲಗಿ ನನಗೂ ಹೇಳಲಿಲ್ವಲ್ಲೋ!"

"ಬೈಯಿ, ಸೆರ್ಲಿನಾ. ಬೈಸ್ಕೋಬೇಕು ನಾನು." ಅವನು ಜಗಲಿಯಿಂದ ಇಳಿದ. ಶಾಸಕನಾಗಿದ್ದವನು, ಊರು ಕೊಟ್ಟ ಪಟ್ಟದ ಹೆಸರಿರುವವನು, ಸೆಪಿಯೊನ ಕಾಲ ಬಳಿ ಕೆಸರು ನೆಲದಲ್ಲಿ ಕೂತ. "ಓಟು ಹಾಕಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ ಮಾವ. ನಿನ್ನನ್ನ ಎಲ್ಲರೂ ಅನ್ನೋವಾಗ ಬಾಯಿ ಮುಚ್ಕೊಂಡು ಕೂತಿದ್ದೆನಲ್ಲ, ಅದು ತಪ್ಪು. ಮೊದಮೊದಲು ನಾಚಿಕೆ ಆಯ್ತು. ಆಮೇಲೆ ಹೆದರಿಕೆ." ಎರಡೂ ಕೈಯಲ್ಲಿ ಚಿಪ್ಪನ್ನು ಮುದುಕನ ಮುಂದೆ ಹಿಡಿದ.

ಸೆಪಿಯೊ ಮಾವ ತಕ್ಷಣ ತೆಗೆದುಕೊಳ್ಳದೆ ಅಂಗೈಯಿಂದ ಕಣ್ಣು ಒರೆಸಿಕೊಂಡ.

"ನಾನೇ ಹಾಕಿದ್ನೇನೋ ಅಂತ ನನಗೇ ಅನುಮಾನ ಬಂದಿತ್ತು ಕಣೋ," ಎಂದ ಕೊನೆಗೆ. "ಕಣ್ಣು ಮಂಜು. ಗುರುತು ತಪ್ಪಿ ಬಿತ್ತೇನೋ ಅಂತ ಎಷ್ಟು ರಾತ್ರಿ ನಿದ್ದೆ ಮಾಡಿಲ್ಲ." ಆಮೇಲೆ ಚಿಪ್ಪು ತೆಗೆದುಕೊಂಡು ಕಣ್ಣು ಮುಚ್ಚಿ ಕುಡಿದ. ಅರ್ಧ ಉಳಿಸಿ ನನ್ನ ಕಡೆ ಚಾಚಿದ. "ಬಾರೋ ಪಾಲು ಹಂಚೋನೇ. ನೀನೂ ಕುಡಿ."

ಕುಡಿದೆ. ಅಷ್ಟು ಕಹಿ ಸಕಾವನ್ನು ಜನ್ಮದಲ್ಲಿ ಕುಡಿದಿರಲಿಲ್ಲ.

ಸುದ್ದಿ ಹೊಳೆ ದಾಟಲು ಒಂದು ದಿನವೂ ಬೇಕಾಗಲಿಲ್ಲ. ವೆಲ್ಟರ್ ಎರಡು ದಿನ ನಕ್ಕನಂತೆ. ಮೂರನೇ ದಿನ ಚೆನ್ನಾಗಿದ್ದ ಎಂಜಿನ್ ಒಂದನ್ನು ರಿಪೇರಿಗೆಂದು ಶೆಡ್ಡಿಗೆ ಹೊತ್ತು ತಂದು, "ನಿಜ ಹೇಳ್ಲಾ? ನಾನು ನನಗೇ ಹಾಕ್ಕೊಂಡೆ. ಸಾಲದು ಅಂತ ನಮ್ಮಮ್ಮನ್ನ ಬೆನ್ನ ಮೇಲೆ ಹೊತ್ಕೊಂಡು ಹೋಗಿ ಹಾಕಿಸ್ದೆ," ಎಂದ. ಮಸೂದೆಯನ್ನು ಮಾತ್ರ ಅವನು ಮುಂದೂ ತಳ್ಳಲಿಲ್ಲ, ಹಿಂದೂ ಎಳೆಯಲಿಲ್ಲ. ನಾಲ್ಕು ವರ್ಷ ಅದು ಡ್ರಾಯರಿನಲ್ಲಿ ಮಲಗಿತು.

2019ರಲ್ಲಿ ಅಕ್ಕ ಮತಗಟ್ಟೆಯ ಅಂಗಳದಲ್ಲೇ ಗಂಡನನ್ನು ನಿಲ್ಲಿಸಿ, "ಗುರುತು ಎಲ್ಲಿ ಹಾಕ್ಬೇಕು ಗೊತ್ತಲ್ಲ?" ಎಂದಳು. ಭಾವ ಒಳಗೆ ಹೋಗಿ, ಪರರ ಕೋಳಿ ಕದ್ದವನ ಮುಖ ಮಾಡಿಕೊಂಡು ಹೊರಗೆ ಬಂದ. ಸಂಜೆ ಪೆಟ್ಟಿಗೆ ಎಣಿಸಿದರು. ಪೌಸ್ತಿನೊಗೆ ಎಪ್ಪತ್ತನಾಲ್ಕು. ವೆಲ್ಟರ್‌ಗೆ ಒಂದು.

"ಪೌಸ್ತಿನೊ!" ಎಂದು ಅಕ್ಕ ಕಿರುಚಿದಳು.

"ದೇವರಾಣೆ ಕಣೇ! ನಾಚಿಕೆ ಬಿಟ್ಟು ನನಗೇ ಹಾಕ್ಕೊಂಡೆ!"

"ಈ ಸಲ ನಂದೇ," ಎಂದ ಸೆಪಿಯೊ ಮಾವ, ಕಂಬಕ್ಕೊರಗಿ. "ಇವನಿಗೆ ಇವನೇ ಹಾಕೋ ಹಾಗೆ ಎಲ್ಲರೂ ಸೇರಿ ಮಾಡಿದ್ರಿ. ಆಯ್ತು, ಸರಿ. ಆದ್ರೆ ವೆಲ್ಟರ್ ಪ್ರಚಾರಕ್ಕೆ ನಮ್ಮೂರಿಗೆ ಬಂದು ನಮ್ಮ ಸಕಾವ್ ಕುಡಿದು ಹೋದೋನು. ಬರಿಗೈಲಿ ಕಳಿಸೋದಾ?"

ಅಕ್ಕನಿಗೇ ನಗು ತಡೆಯಲಾಗಲಿಲ್ಲ. ಎಲ್ಲ ಪೆಟ್ಟಿಗೆಗಳೂ ಸೇರಿ ತೊಂಬತ್ತನಾಲ್ಕು ಓಟಿನಿಂದ ಗೆದ್ದೆವು. ಮಸೂದೆ ಮೊದಲ ಅಧಿವೇಶನದಲ್ಲೇ ಪಾಸಾಯಿತು. ಒಂದೂವರೆ ವರ್ಷಕ್ಕೆ ಕೇಂದ್ರ ಎದ್ದು ನಿಂತಿತು. ಎರಡು ಕೋಣೆ, ಒಂದು ಫ್ರಿಜ್ಜು, ಮುಂದೊಂದು ಬೆಂಚು. ಒಳಗೆ ಅಕ್ಕ. ಬಾಗಿಲಲ್ಲಿ ಊರುಗೋಲು ಹಿಡಿದ ಕ್ಲಾರಿಂತಾ. ಅವಳಿಗೆ ಯಾರೂ ಕೆಲಸ ಕೊಟ್ಟಿರಲಿಲ್ಲ, ತಾನೇ ತೆಗೆದುಕೊಂಡಿದ್ದಳು. ಬಂದವರ ಚಪ್ಪಲಿ ಬಿಚ್ಚಿಸಿ ಎರಡೂ ಪಾದ ತಿರುಗಿಸಿ ನೋಡದೆ ಒಳಗೆ ಬಿಡುತ್ತಿರಲಿಲ್ಲ.

ಎರಡನೇ ವಾರ ವೆಲ್ಟರ್ ಕೇಂದ್ರ ನೋಡಲು ಬಂದ, ಹೊಳೆಯುವ ಬೂಟು ಹಾಕಿಕೊಂಡು.

"ಬೂಟು ಬಿಚ್ಚು," ಎಂದಳು ಕ್ಲಾರಿಂತಾ.

"ನಾನು ರೋಗಿ ಅಲ್ಲಮ್ಮ, ಸುಮ್ನೆ ನೋಡೋಕೆ ಬಂದೆ."

"ನಾನೂ ಸುಮ್ನೆ ನೋಡೋಕೇ. ಬಿಚ್ಚು."

ಬಿಚ್ಚಿದ. ಎಡಗಾಲಿನ ಅಡಿಯಲ್ಲಿ ಕೊಳೆಯಲು ಶುರುವಾದ ಹುಣ್ಣು. ಅವನಿಗೂ ಸಕ್ಕರೆ ಕಾಯಿಲೆ; ಅವನಿಗೆ ಗೊತ್ತೇ ಇರಲಿಲ್ಲ, ನೋವೇ ಇರಲಿಲ್ಲ. ಅಕ್ಕ ತೊಳೆದು ಔಷಧಿ ಹಾಕಿ, ಅದೇ ದಿನ ಕೊಲೋನಿಯಾಗೆ ಕಳಿಸಿದಳು. ಕರೆದುಕೊಂಡು ಹೋದವನು ಭಾವ. ಕಾಲು ಉಳಿಯಿತು.

ಆಮೇಲೆ ಒಂದು ತಿಂಗಳು ವೆಲ್ಟರ್ ದಿನಾ ಹೊಳೆ ದಾಟಿ ಪಟ್ಟಿ ಬದಲಿಸಿಕೊಳ್ಳಲು ಬರುತ್ತಿದ್ದ. ಒಂದು ದಿನ ಭಾವನೂ ಬೆಂಚಿನ ಮೇಲಿದ್ದ. ಪಾದವನ್ನು ಕ್ಲಾರಿಂತಾಳ ಮಡಿಲಿಗೆ ಕೊಟ್ಟು ಕೂತಿದ್ದ ವೆಲ್ಟರ್ ಇದ್ದಕ್ಕಿದ್ದಂತೆ ಅವನ ಕಡೆ ತಿರುಗಿದ.

"ಪೌಸ್ತಿನೊ, ಒಂದೇ ಓಟಲ್ಲಿ ನಾನು ಗೆದ್ನಲ್ಲ, ಆ ಸಲ ನಾನೂ ನಿನಗೇ ಹಾಕ್ಬೇಕಿತ್ತು ಕಣೋ."

ಭಾವ ಎಂದಿನಂತೆ ನೆಲ ನೋಡಿದ. ಮಾತಾಡಿದವಳು ಕ್ಲಾರಿಂತಾ.

"ಕಾಲು ಅಲ್ಲಾಡಿಸ್ಬೇಡ," ಎಂದಳು.