ಬಾಣಂತಿಯ ತಟ್ಟೆ

ಶಿಡ್ಲಘಟ್ಟದ ನಮ್ಮ ಸಾಲಿನ ಕೊನೆಮನೆಯ ಅಕ್ಕ ತೀರಿಕೊಂಡರೆಂದು ಹಾಲಿನವಳು ಹೇಳಿದಾಗ ನಾನು ಅವರೆಕಾಳು ಹಿದುಕುತ್ತಿದ್ದೆ.

ದಿನವಿಡೀ ಬಿಸಿನೀರಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆದು ಅವರ ಬೆರಳುಗಳು ಸುಕ್ಕುಗಟ್ಟಿದ್ದವು. ಕೋಳಿ ಬೇಯಿಸುವಾಗ ಪಾತ್ರೆಗೆ ಕಿವಿಗೊಟ್ಟು ಸ್ಟೌವಿನ ಬತ್ತಿ ಇಳಿಸುತ್ತಿದ್ದರು. "ಕುದಿಸ್ಬೇಡ ಕಣಮ್ಮ, ಮಿಸುಕ್ಲಿ ಸಾಕು. ಜೋರಾಗಿ ಕುದಿಸಿದ್ರೆ ಮಾಂಸ ನಾರಾಗುತ್ತೆ."

ನನ್ನ ಎರಡನೇ ಬಾಣಂತನದಲ್ಲಿ ಕೆಲಸದಿಂದ ನೇರ ಬಂದು, ಮೆಣಸು, ಬೆಳ್ಳುಳ್ಳಿ ಹಾಕಿ ನಾಟಿಕೋಳಿಯನ್ನು ಹಾಗೇ ಎರಡು ಗಂಟೆ ಬೇಯಿಸಿದರು. ಮಾಂಸ ಮೂಳೆಯಿಂದ ತಾನಾಗಿ ಬಿಡುತ್ತಿತ್ತು. ಅತ್ತೆ ನನಗೆ ಒಂದು ಲೋಟ ರಸ ಕೊಟ್ಟು, ಮಾಂಸವನ್ನೆಲ್ಲ ಮೈದುನನಿಗೆ ಬಡಿಸಿದರು. ಎರಡು ದಿನದಿಂದ ನನ್ನ ಮಗು ಹಾಲು ಸಾಲದೆ ಅಳುತ್ತಿತ್ತು.

ಅಕ್ಕ ನೇರ ಹೋಗಿ ಮೈದುನನ ತಟ್ಟೆ ಎತ್ತಿಕೊಂಡರು.

"ಹೆತ್ತಿರೋದು ಅವಳೋ, ನೀನೋ? ಹೊಟ್ಟೆ ನೋಡಿದ್ರೆ ನಿಂಗೂ ದಿನ ತುಂಬಿರೋ ಹಂಗೈತಲ್ಲಪ್ಪ!"

ಆ ತಟ್ಟೆಯನ್ನು ನನ್ನ ಮುಂದಿಟ್ಟರು. ಒಂದು ಚೂರೂ ಬಿಡದೆ ತಿಂದೆ. ಮಗುವಿನ ಅಳು ಆ ವಾರವೇ ನಿಂತಿತು, ದೇವರು ದೊಡ್ಡವನು. ಅತ್ತೆ ಮಾತ್ರ ಅಕ್ಕನಿಗೆ ಹೊಸ್ತಿಲು ತುಳಿಯಬೇಡವೆಂದರು. ಉಂಡವಳು ನಾನು, ಬೈಸಿಕೊಂಡವರು ಅವರು. ನಮ್ಮ ಮನೆಯಲ್ಲಿ ಒಬ್ಬರೂ ತಡೆಯಲಿಲ್ಲ, ನಾನೂ ತಡೆಯಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

"ಆ ಜಗಳಗಂಟಿ ಮನೇಗೆ ಹೋಗೋದೇನೂ ಬೇಡ" ಎಂದರು ನಮ್ಮ ಮನೆಯವರು, ಸಾವಿನ ಸುದ್ದಿ ಕೇಳಿ.

"ಅವರು ಜಗಳ ಆಡಿದ್ದು ನಿಮ್ಮ ಮಗನ ಹಾಲಿಗೆ ಕಣ್ರೀ. ನೀವು ಬರ್ದಿದ್ರೆ ಬಿಡಿ, ನಾನು ಹೋಗ್ತೀನಿ" ಎಂದೆ.

ಹೋದೆ. ಬಂದು ತಲೆಗೆ ನೀರು ಹಾಕಿಕೊಂಡು, ದೀಪ ಹಚ್ಚಿ, ಅನ್ನಕ್ಕೆ ಎಸರಿಟ್ಟೆ.