ಎಲೆ ಕಚ್ಚಿಸುವ ಡಾಕ್ಟರು

ನವಾಬರ ಆಡಳಿತ ಇನ್ನೂ ಇದ್ದಾಗ ಸವಣೂರಿನ ಹಲ್ಲಿನ ಡಾಕ್ಟರು ಬಂದವರ ಕೈಗೆ ಮೊದಲು ಒಂದು ವೀಳ್ಯದೆಲೆ ಕೊಡುತ್ತಿದ್ದರು. ತಿನ್ನಲಿಕ್ಕಲ್ಲ, ಮಡಿಸಿ ಒಮ್ಮೆ ಕಚ್ಚಲಿಕ್ಕೆ. ಎಲೆಯ ಮೇಲೆ ಮೂಡಿದ ಹಲ್ಲಿನ ಗುರುತನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳುವರು. "ಸರಿ ಆಗ್ತಾವೇನ್ರಿ?" ಎಂದು ಯಾರು ಕೇಳಿದರೂ ಒಂದೇ ಉತ್ತರ: "ನೋಡದ ಹೆಂಗ ಹೇಳ್ಲಿರಿ?"

ನಾನೂ ಅಕ್ಕನೂ ಅವಳಿ. ಒಂಬತ್ತನೆಯ ವಯಸ್ಸಿನಲ್ಲಿ ಇಬ್ಬರ ಮುಂದಿನ ಹಲ್ಲುಗಳೂ ಬೀಸಣಿಗೆಯಂತೆ ಹರಡಿಕೊಂಡಿದ್ದವು. "ಒಬ್ಬಾಕಿಗೆ ತಂತಿ ಹಾಕ್ತೇನಿ. ಇನ್ನೊಬ್ಬಾಕಿನ್ನ ಹಂಗ ಬಿಟ್ಟು ನೋಡೂಣ್ರಿ" ಎಂದು ಡಾಕ್ಟರು ಅವ್ವನನ್ನು ಒಪ್ಪಿಸಿದರು. ತಂತಿ ನನ್ನ ಪಾಲಿಗೆ ಬಂತು. ರೊಟ್ಟಿ ಕಡಿಯಲಾಗದೆ ಎಷ್ಟೋ ದಿನ ಅತ್ತೆ. ತಿಂಗಳಿಗೊಮ್ಮೆ ಇಬ್ಬರೂ ಹೋಗಿ ಎಲೆ ಕಚ್ಚಿ ಬರುತ್ತಿದ್ದೆವು.

ಎರಡು ವರ್ಷಕ್ಕೆ ನನ್ನ ಹಲ್ಲು ಸಾಲಿಗೆ ಬಂದವು. ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ತೆಂಗಿನಕಾಯಿ ಒಯ್ದು, "ನಿಮ್ಮ ಕೈಗುಣ ದೊಡ್ಡದ್ರಿ" ಎಂದಳು. ಡಾಕ್ಟರು ಕಾಯಿ ಮುಟ್ಟಲಿಲ್ಲ. ನೋಟುಪುಸ್ತಕ ತೆರೆದು ನಮ್ಮಿಬ್ಬರ ಕೊನೆಯ ಗುರುತುಗಳನ್ನು ತೋರಿಸಿದರು. ಎರಡೂ ಒಂದೇ ತರ ಇದ್ದವು.

"ಕೈಗುಣ ಅಲ್ರವ್ವಾ. ದೊಡ್ಡಾಕಿ ಹಲ್ಲು ತಂತಿ ಇಲ್ಲದ ತಾವ ಕೂಡ್ಯಾವು." ಆಮೇಲೆ ನನ್ನ ಕಡೆ ತಿರುಗಿ, "ನಿನಗ ಸುಮ್ಮನ ನೋವು ಕೊಟ್ಟೆ ತಂಗಿ" ಎಂದರು.

ಹಲ್ಲು ಕಾಣಬಾರದೆಂದು ಅಕ್ಕ ಯಾವಾಗಲೂ ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಆಗಲೂ ಅಡ್ಡ ಹಿಡಿದಿದ್ದ ಆ ಕೈಯನ್ನು ಅವ್ವ ಮೆಲ್ಲಗೆ ಸರಿಸಿದಳು. ಆ ಎರಡು ವರ್ಷ ಮನೆಮಂದಿಯೆಲ್ಲ ನೋಡಿದ್ದು ನನ್ನ ಬಾಯಿಯನ್ನು. ಅಕ್ಕನ ಬಾಯಿ ನೋಡಿದವರು ಡಾಕ್ಟರೊಬ್ಬರೇ.